11 ವರ್ಷ ಪಬ್ಬಿಗೆ ಹೋಗಿ ಬಂದ ಮೇಲೆ: ಪಿಂಟು, ಪೈ ಮತ್ತು ಕೌಂಟರಿನ ಹಿಂದೆ ನಿಂತವರು

ಹಾವೇರಿ_ಟು_ಶೆಫೀಲ್ಡ್ · ಭಾನುವಾರ ರಾತ್ರಿ 9:40

ಹೋದ ವಾರ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಬರೆದಿದ್ದರು: "ಇಂಗ್ಲೆಂಡಿನ ಪಬ್ಬಲ್ಲಿ ಬಿಯರ್ ಬೆಚ್ಚಗಿರುತ್ತೆ, ಊಟ ಸಪ್ಪೆ, ಟೇಬಲ್ ಹತ್ತಿರ ಯಾರೂ ಬರೋದೇ ಇಲ್ಲ." ಅಲ್ಲೇ ಉತ್ತರ ಬರೆಯೋಕೆ ಕೂತೆ, ಉದ್ದ ಆಯ್ತು. ಅದಕ್ಕೇ ಇಲ್ಲಿ ಬೇರೆಯಾಗಿ ಹಾಕಿದ್ದೇನೆ.

ನಾನು ಶೆಫೀಲ್ಡಿಗೆ ಬಂದು 11 ವರ್ಷ. ವಾರಕ್ಕೆ ಒಂದು ಸಲ ಪಬ್ಬಿಗೆ ಹೋಗುತ್ತೇನೆ. ಎರಡು ಪಿಂಟು (ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯೋ ಬಿಯರ್ ಅಳತೆ), ಹಸಿವಿದ್ದರೆ ಒಂದು ಊಟ. ಆ ಮೂರು ದೂರುಗಳಲ್ಲಿ ಎರಡನ್ನು ನಾನು ಒಪ್ಪೋದಿಲ್ಲ, ಒಂದನ್ನು ಅರ್ಧ ಒಪ್ಪುತ್ತೇನೆ.

ಮೊದಲು ಬಿಯರ್. ಅದು ಬೆಚ್ಚಗಿರೋದಲ್ಲ. ಕೈಪಂಪಿನಲ್ಲಿ ಎಳೆದು ಕೊಡುವ ಕ್ಯಾಸ್ಕ್ ಏಲ್, ಅಂದ್ರೆ ಪೀಪಾಯಿಯ ಬಿಯರ್, 11ರಿಂದ 13 ಡಿಗ್ರಿ ಇರಬೇಕು. ಫ್ರಿಜ್ ನೀರಿನಷ್ಟು ತಣ್ಣಗಿರೋದಿಲ್ಲ, ಅಷ್ಟೇ. ಅದಕ್ಕೆ ಕಾರಣ ಇದೆ. ಪೀಪಾಯಿಗೆ ತುಂಬಿದ ಮೇಲೂ ಆ ಬಿಯರ್ ಒಳಗೇ ಹುದುಗುತ್ತಾ ಇರುತ್ತೆ, ಇಡ್ಲಿ ಹಿಟ್ಟಿನ ಥರ. ಹೊರಗಿಂದ ಗ್ಯಾಸ್ ತುಂಬೋದಿಲ್ಲ. ಜಾಸ್ತಿ ತಣ್ಣಗೆ ಮಾಡಿದರೆ ರುಚಿ ಸತ್ತುಹೋಗುತ್ತೆ. ದೊಡ್ಡ ಕಂಪನಿಗಳು ಇದನ್ನು ಬಿಟ್ಟು ಹೊರಗಿಂದ ಗ್ಯಾಸ್ ಒತ್ತಿ ಕೊಡುವ ಕೆಗ್ ಬಿಯರ್ ಕಡೆ ವಾಲಿದಾಗ, 1971ರಲ್ಲಿ ಕುಡಿಯುವವರೇ ಸೇರಿ ಕ್ಯಾಮ್ರಾ ಅನ್ನೋ ಸಂಘ ಕಟ್ಟಿದರು. ಇವತ್ತು ಊರೂರಲ್ಲಿ ಕೈಪಂಪು ಉಳಿದಿದೆ ಅಂದ್ರೆ ಆ ಗಿರಾಕಿಗಳ ಹಟಕ್ಕೆ ಅದರಲ್ಲಿ ದೊಡ್ಡ ಪಾಲಿದೆ.

ಹೀಗೆ ಜೀವ ಇರೋ ಬಿಯರನ್ನು ಯಾರಾದರೂ ನೋಡಿಕೊಳ್ಳಬೇಕಲ್ವಾ? ನಾನು ಪಬ್ಬನ್ನು ಅಳೆಯೋದು ಅಲ್ಲೇ. ಒಂದು ಮಂಗಳವಾರ ಸಂಜೆ ನನಗೆ ಕೊಟ್ಟ ಪಿಂಟು ವಿನೆಗರ್ ವಾಸನೆ ಹೊಡೀತಿತ್ತು. ಎರಡು ಗುಟುಕು ಕುಡಿದೆ. ಹೇಳಲೋ ಬೇಡವೋ ಅಂತ ಒದ್ದಾಡಿದೆ. ಕೊನೆಗೆ ಕೌಂಟರಿಗೆ ತಗೊಂಡು ಹೋದೆ. ಅಲ್ಲಿದ್ದ ಹೆಂಗಸು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಒಂದು ಮಾತೂ ಆಡದೆ ಸಿಂಕಿಗೆ ಸುರಿದರು. ಪಂಪಿನ ಮುಂದೆ ಬಿಯರ್ ಹೆಸರಿನ ಬಿಲ್ಲೆ ಇರುತ್ತಲ್ಲ, ಅದನ್ನು ತಮ್ಮ ಕಡೆಗೆ ತಿರುಗಿಸಿಬಿಟ್ಟರು. ಅಂದ್ರೆ ಈ ಬಿಯರ್ ಇನ್ನು ಯಾರಿಗೂ ಇಲ್ಲ. ಆಮೇಲೆ "ಬೇರೆ ಯಾವುದು ಕೊಡಲಿ?" ಅಂದರು. ದುಡ್ಡಿನ ಮಾತೇ ಬರಲಿಲ್ಲ. ಆ ಪಬ್ಬಿಗೆ ನಾನು ಈಗಲೂ ಹೋಗುತ್ತೇನೆ.

ಫರ್ಕಿನ್ ಅನ್ನೋ ಪೀಪಾಯಿಯಲ್ಲಿ 72 ಪಿಂಟು ಇರುತ್ತೆ. ತೆರೆದ ಮೇಲೆ ಮೂರು ದಿನಕ್ಕೆ ಖಾಲಿ ಆದರೆ ಚೆನ್ನ. ಹಾಗಾಗಿ ಜನ ಇಲ್ಲದ ಪಬ್ಬಲ್ಲಿ ಎಂಟು ಪಂಪು ಸಾಲಾಗಿ ನಿಂತಿದ್ದರೆ ನನಗೆ ಭಯ. ಎರಡೇ ಪಂಪು, ಜನ ತುಂಬಿದ್ದಾರೆ ಅಂದ್ರೆ ಧೈರ್ಯವಾಗಿ ತಗೊಳ್ಳುತ್ತೇನೆ.

ಇನ್ನು ಟೇಬಲ್ ಹತ್ತಿರ ಯಾರೂ ಬರೋದಿಲ್ಲ ಅನ್ನೋ ದೂರು. ದರ್ಶಿನಿಯಲ್ಲಿ ನಾವು ಟೋಕನ್ ತಗೊಂಡು ನಿಂತೇ ದೋಸೆ ತಿನ್ನೋದಿಲ್ವಾ? ಅದು ಕೆಟ್ಟ ಸರ್ವಿಸ್ ಅಂತ ಯಾರೂ ಅನ್ನೋದಿಲ್ಲ. ಇಲ್ಲೂ ಕೌಂಟರಿಗೆ ಹೋಗಿ ಹೇಳಬೇಕು, ದುಡ್ಡು ಕೊಡಬೇಕು, ಗ್ಲಾಸ್ ನಾವೇ ತರಬೇಕು. ಸಾಲು ಕಣ್ಣಿಗೆ ಕಾಣೋದಿಲ್ಲ, ಆದರೆ ಇರುತ್ತೆ. ಯಾರು ಮೊದಲು ಬಂದರು ಅಂತ ಒಳ್ಳೆಯ ಬಾರ್‌ನವರಿಗೆ ನೆನಪಿರುತ್ತೆ. ಆರು ಜನ ಮುಂದಿದ್ದರೂ ನಿಮ್ಮ ಕಡೆ ತಲೆ ಎತ್ತಿ ಒಂದು ಸಲ ನೋಡುತ್ತಾರೆ. ಆ ಒಂದು ನೋಟ ಸಿಕ್ಕಿದರೆ ಹತ್ತು ನಿಮಿಷ ಕಾಯೋದು ಕಷ್ಟ ಅಲ್ಲ. ನೋಟು ಅಲ್ಲಾಡಿಸೋದು, ಚಿಟಿಕೆ ಹೊಡೆಯೋದು ಬೇಡ. ಪಕ್ಕದವರು ನಿಮಗಿಂತ ಮೊದಲು ಬಂದಿದ್ದರೆ "ಅವರದು ಮೊದಲು" ಅಂತ ಹೇಳಿ. ಆಮೇಲೆ ಆ ಪಬ್ಬಲ್ಲಿ ನೀವು ಹೊರಗಿನವರಲ್ಲ.

ಊಟದ ವಿಷಯದಲ್ಲಿ ದೂರು ಅರ್ಧ ನಿಜ. ನನಗೆ ಬಹಳ ಸಿಟ್ಟು ಬರೋದು ಪೈ ವಿಷಯಕ್ಕೆ. ಪೈ ಅಂದ್ರೆ ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸಿದ್ದು; ತಳ, ಸುತ್ತ, ಮೇಲೆ ಎಲ್ಲಾ ಕಡೆ ಹಿಟ್ಟಿನ ಗೋಡೆ ಇರಬೇಕು. ಕತ್ತರಿಸಿದಾಗ ಒಳಗಿನ ಗ್ರೇವಿ ನಿಧಾನವಾಗಿ ಇಳಿದು ಬರಬೇಕು. ತಳದ ಹಿಟ್ಟು ಅದನ್ನು ಕುಡಿದು ಮೆತ್ತಗಾಗಿರಬೇಕು, ಅಂಚು ಗರಿಗರಿ ಇರಬೇಕು. ಎಷ್ಟೋ ಕಡೆ ಏನು ಮಾಡುತ್ತಾರೆ? ಒಂದು ಬಟ್ಟಲಿಗೆ ಮಾಂಸದ ಸಾರು ಸುರಿದು, ಮೇಲೆ ಪಫ್ ಹಾಳೆ ಒಂದು ಮುಚ್ಚಿ, ಪೈ ಅಂತ 16 ಪೌಂಡು ತಗೊಳ್ಳುತ್ತಾರೆ. ಅದು ಮುಚ್ಚಳ ಹಾಕಿದ ಸಾರು. ಪೈ ಅಂತ ಬರೆದ ಮೇಲೆ ಪೈ ಕೊಡಬೇಕು.

ಮೆನು ನಾಲ್ಕು ಪುಟ ಇದ್ದರೂ ನಾನು ಎದ್ದು ಬರುತ್ತೇನೆ. ಲಸಾನ್ಯ, ಬರ್ಗರ್, ಕರಿ, ನ್ಯಾಚೋಸ್ ಎಲ್ಲಾ ಒಂದೇ ಅಡುಗೆಮನೆಯಲ್ಲಿ, ಇಬ್ಬರೇ ಅಡುಗೆಯವರು. ಅದೆಲ್ಲಾ ಪ್ಯಾಕೆಟ್ ಬಿಚ್ಚಿದ್ದೇ ಅಲ್ವಾ? ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಐದು ಐಟಂ ಬರೆದಿದ್ದು, ಅದರಲ್ಲಿ ಒಂದನ್ನು ಅಳಿಸಿದ್ದರೆ ಅಲ್ಲೇ ಕೂರಿ.

ನನ್ನ ಲೆಕ್ಕ ಇಷ್ಟು: ಬಿಯರ್ ನೋಡಿಕೊಳ್ಳದ ಪಬ್ಬು ಊಟವನ್ನೂ ನೋಡಿಕೊಳ್ಳೋದಿಲ್ಲ. ನಿಮ್ಮ ಅನುಭವ ಹೇಳಿ.

ಲೀಡ್ಸ್_ಕಾಫಿಪುಡಿ · ಭಾನುವಾರ ರಾತ್ರಿ 10:25

ಅಣ್ಣ, ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಕುಡಿಯೋದಿಲ್ಲ, ಮಾಂಸ ತಿನ್ನೋದಿಲ್ಲ. ಬಿಯರ್ ನೋಡಿ ಪಬ್ ಅಳೆಯಿರಿ ಅಂದ್ರೆ ನಮ್ಮಂಥವರು ಏನು ಮಾಡಬೇಕು?

ನಾನು ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನವರೆಲ್ಲಾ ಪಬ್ಬಿಗೇ ಹೋಗೋದು, ನಾನೂ ಹೋಗುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಡೆ ಸಂಡೇ ರೋಸ್ಟ್‌ಗೆ (ಇಲ್ಲಿನ ಭಾನುವಾರದ ದೊಡ್ಡ ಊಟ) ಅಣಬೆಯ ವೆಲಿಂಗ್ಟನ್ ಹೇಳಿದೆ, ಅಂದ್ರೆ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಬೇಯಿಸಿದ ಅಣಬೆ. ಸಸ್ಯಾಹಾರ ಅಂತ ಮೆನುವಿನಲ್ಲೇ ಹಸಿರು ಗುರುತು ಇತ್ತು. ತಟ್ಟೆ ಬಂತು, ಮೇಲೆ ಕಂದು ಗ್ರೇವಿ. ನಾಲ್ಕು ತುತ್ತು ಆದ ಮೇಲೆ ಅನುಮಾನ ಬಂತು. ಕೇಳಿದೆ. "ಅದು ಬೀಫ್ ಗ್ರೇವಿ, ಬರೀ ಗ್ರೇವಿ ತಾನೇ" ಅಂದ ಆ ಹುಡುಗ. ಬರೀ ಗ್ರೇವಿ! ನನಗೆ ಕಣ್ಣಲ್ಲಿ ನೀರು ಬಂತು. ಅವನಿಗೆ ಏನು ತಪ್ಪಾಯ್ತು ಅಂತಲೇ ಗೊತ್ತಾಗಲಿಲ್ಲ. ಮ್ಯಾನೇಜರ್ ಬಂದು ಬಿಲ್ಲಿನಿಂದ ತೆಗೆದರು. ಆದರೆ ನನಗೆ ಬೇಕಾಗಿದ್ದು ದುಡ್ಡಲ್ಲ, ಒಂದು ಕ್ಷಮೆ.

ಅವತ್ತಿಂದ ನನ್ನ ಪರೀಕ್ಷೆ ಗ್ರೇವಿಯದು. ಮೊದಲೇ ಕೇಳುತ್ತೇನೆ: ಗ್ರೇವಿ ಯಾವುದರದು? ಚಿಪ್ಸ್ (ಇಲ್ಲಿ ಹಾಗಂದ್ರೆ ದಪ್ಪ ಆಲೂ ಫ್ರೈಸ್) ಯಾವುದರಲ್ಲಿ ಕರಿಯುತ್ತೀರಿ? ಯಾರ್ಕ್‌ಶೈರ್ ಕಡೆ ಮೀನು ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಹಳೇ ರೂಢಿ ಇದೆ. ಎಣ್ಣೆಯೇ ಆದರೂ ಮೀನು, ಚಿಪ್ಸು ಒಂದೇ ಬಾಣಲೆಯಲ್ಲಿರಬಹುದು. ವೂಸ್ಟರ್ ಸಾಸಿನಲ್ಲಿ ಆಂಚೋವಿ ಮೀನು ಇರುತ್ತೆ, ಚೀಸ್ ಟೋಸ್ಟ್ ಮೇಲೂ ಅದನ್ನು ಹಾಕುತ್ತಾರೆ. ಯಾರ್ಕ್‌ಶೈರ್ ಪುಡಿಂಗ್ ಅಂದ್ರೆ ಹಿಟ್ಟು, ಹಾಲು, ಮೊಟ್ಟೆ. ಮೊಟ್ಟೆ ತಿನ್ನದವರು ಅದನ್ನೂ ನೋಡಿಕೊಳ್ಳಿ.

ಒಳ್ಳೆಯ ಪಬ್ಬಲ್ಲಿ "ಒಂದು ನಿಮಿಷ" ಅಂತ ಒಳಗೆ ಹೋಗಿ ಅಡುಗೆಯವರನ್ನು ಕೇಳಿ ಬರುತ್ತಾರೆ. ಕೆಟ್ಟ ಪಬ್ಬಲ್ಲಿ ನಿಂತ ಕಡೆಯೇ "ಪರವಾಗಿಲ್ಲ" ಅಂತಾರೆ. ನನಗೆ ಅಷ್ಟರಲ್ಲೇ ಗೊತ್ತಾಗುತ್ತೆ.

ಕುಡಿಯದವರಿಗೆ ನನ್ನ ಸಲಹೆ, ಸೋಡಾ ಮತ್ತು ನಿಂಬೆ ಕಾರ್ಡಿಯಲ್ ಕೇಳಿ, ಅಗ್ಗ. ಬರೀ ನಲ್ಲಿ ನೀರು ಕೇಳಿದರೂ ಪುಕ್ಕಟೆ ಕೊಡಲೇಬೇಕು, ಅದು ಇಲ್ಲಿ ಲೈಸೆನ್ಸಿನ ಷರತ್ತು. ನಾಚಿಕೆ ಬೇಡ.

ನಾಟಿಂಗ್‌ಹ್ಯಾಮ್_ನೈಟ್‌ಶಿಫ್ಟ್ · ಭಾನುವಾರ ರಾತ್ರಿ 11:50

ನಾನು ಓದುವಾಗ ಎರಡು ವರ್ಷ ಬಾರ್ ಹಿಂದೆ ನಿಂತಿದ್ದೆ. ಅಲ್ಲಿಂದ ಕಂಡಿದ್ದು ಹೇಳುತ್ತೇನೆ.

ಅಣ್ಣ ಹೇಳಿದ ಜೀವ ಇರೋ ಬಿಯರ್ ಮಾತು ನಿಜ. ಪೀಪಾಯಿ ನೆಲಮಾಳಿಗೆಗೆ ಬಂದ ಕೂಡಲೇ ಎಳೆಯೋ ಹಾಗಿಲ್ಲ. ಅಡ್ಡ ಮಲಗಿಸಿ, ಅಲ್ಲಾಡದ ಹಾಗೆ ಕೆಳಗೆ ಬೆಣೆ ಕೊಡಬೇಕು. ಮೇಲಿನ ತೂತಿಗೆ ಮೊದಲು ಮೆತ್ತನೆಯ ಮರದ ಬೆಣೆ ಬಡಿಯುತ್ತೇವೆ, ಒಳಗಿನ ಗ್ಯಾಸು ಅದರ ಮೂಲಕ ಬುಸ್ ಅಂತ ನೊರೆಯಾಗಿ ಬರುತ್ತೆ. ನೊರೆ ನಿಂತಾಗ ಗಟ್ಟಿ ಬೆಣೆ. ಗಷ್ಟು ಕೆಳಗೆ ಕೂರೋವರೆಗೆ ಕಾಯಬೇಕು. ಬೆಳಿಗ್ಗೆ ಬಾಗಿಲು ತೆರೆಯೋ ಮುಂಚೆ ರಾತ್ರಿಯೆಲ್ಲಾ ಪೈಪಿನಲ್ಲಿ ನಿಂತ ಬಿಯರನ್ನು ಎಳೆದು ಚೆಲ್ಲಬೇಕು. ವಾರಕ್ಕೊಮ್ಮೆ ಪೈಪಿಗೆ ಮದ್ದು ಹಾಕಿ ತೊಳೆಯಬೇಕು. ಚೆಲ್ಲೋಕೆ ಮನಸ್ಸು ಬಾರದ ಮಾಲೀಕರ ಪಬ್ಬಲ್ಲಿ ದಿನದ ಮೊದಲ ಗಿರಾಕಿಗೆ ಆ ಹಳಸಲು ಸಿಗುತ್ತೆ.

ಅಕ್ಕ, ಸಸ್ಯಾಹಾರಿಗಳು ತಿಳಿಯಬೇಕಾದ ಒಂದು ವಿಷಯ. ಗಷ್ಟು ಬೇಗ ಕೂರಲಿ ಅಂತ ಬಹಳ ಕ್ಯಾಸ್ಕ್ ಬಿಯರಿಗೆ ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಅದು ಬೇಡ ಅನ್ನೋರು ಬಿಲ್ಲೆಯ ಮೇಲೆ 'ಅನ್‌ಫೈನ್ಡ್' ಅಥವಾ 'ವೀಗನ್' ಅಂತ ಇದೆಯಾ ನೋಡಿ. ಇಂಥ ಬಿಯರ್ ಸ್ವಲ್ಪ ಮಬ್ಬಾಗಿರಬಹುದು, ಕೆಟ್ಟಿದೆ ಅಂತ ಅಲ್ಲ. ಗಿನ್ನೆಸ್ ಅನ್ನೋ ಐರಿಶ್ ಕಪ್ಪು ಬಿಯರಿನ ಕೆಗ್ಗಿಗೆ ಈಗ ಅದನ್ನು ಹಾಕೋದಿಲ್ಲ.

ಅಳತೆ ಬಗ್ಗೆ ಕೂಡ. ಪಿಂಟು ಅಂದ್ರೆ 568 ಮಿಲೀ. ಗ್ಲಾಸಿನ ಮೇಲೆ ಸರ್ಕಾರಿ ಮುದ್ರೆ ಇರುತ್ತೆ. ಕಂಠದವರೆಗೆ ಪಿಂಟು ಹಿಡಿಯೋ ಗ್ಲಾಸಿನಲ್ಲಿ ನೊರೆಯೂ ಅಳತೆಯಲ್ಲಿ ಸೇರುತ್ತೆ. ಆದರೆ ಬಿಯರ್ ಕನಿಷ್ಠ 95% ಇರಬೇಕು, ಗಿರಾಕಿ ಕೇಳಿದರೆ ಮುಖ ಗಂಟಿಕ್ಕದೆ ತುಂಬಿಸಬೇಕು ಅಂತ ಈ ವ್ಯಾಪಾರದವರೇ ಒಪ್ಪಿಕೊಂಡ ಪದ್ಧತಿ. ನೊರೆ ಎರಡು ಬೆರಳು ದಪ್ಪ ಇದ್ದರೆ "ಸ್ವಲ್ಪ ತುಂಬಿಸ್ತೀರಾ?" ಅಂತ ಕೇಳಿ. ನಾನು ದಿನಕ್ಕೆ ಹತ್ತು ಸಲ ತುಂಬಿಸುತ್ತಿದ್ದೆ, ಒಂದು ದಿನವೂ ಬೇಜಾರಾಗಲಿಲ್ಲ. ಶೆಫೀಲ್ಡ್ ಕಡೆ ನಲ್ಲಿಯ ತುದಿಗೆ ಸ್ಪಾರ್ಕ್ಲರ್ ಅನ್ನೋ ಸಣ್ಣ ತೂತಿನ ಬಿಲ್ಲೆ ಹಾಕುತ್ತಾರೆ, ಹಾಗಾಗಿ ಅಲ್ಲಿ ನೊರೆ ದಪ್ಪ, ಕೆನೆಯ ಥರ. ದಕ್ಷಿಣದವರಿಗೆ ಅದು ಸೇರೋದಿಲ್ಲ.

ಟಿಪ್ಸ್: ಕೌಂಟರಿನಲ್ಲಿ ಟಿಪ್ಸ್ ಬೇಕಿಲ್ಲ. ಕೊಡಲೇಬೇಕು ಅನಿಸಿದರೆ "ನಿಮಗೂ ಒಂದು" ಅಂತ ಹೇಳಿ, ಅಂದ್ರೆ ಅವರಿಗೂ ಒಂದು ಡ್ರಿಂಕಿನ ದುಡ್ಡು. ಆ ಮಾತು ಕೇಳಿದ ರಾತ್ರಿ ಕಾಲು ನೋವು ಅರ್ಧ ಕಮ್ಮಿ ಆಗುತ್ತಿತ್ತು. ಕಾರ್ಡಿನಲ್ಲಿ ಕೊಟ್ಟರೂ ಭಯ ಬೇಡ. 2024ರ ಅಕ್ಟೋಬರ್ 1ರಿಂದ ಟಿಪ್ಸ್ ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನು ಬಂದಿದೆ.

ಉಡುಪಿ_ರೆಡಿಂಗ್ · ಸೋಮವಾರ ಬೆಳಿಗ್ಗೆ 7:15

ನಿಮ್ಮದೆಲ್ಲಾ ಉತ್ತರದ ಕಥೆ ಮಾರಾಯ್ರೆ. ಲಂಡನ್ ಸುತ್ತ ಬನ್ನಿ. ಒಂದು ಪಿಂಟಿಗೆ ಏಳು ಪೌಂಡು. ಊಟ ಮಾಡಿದರೆ ಬಿಲ್ಲಿಗೆ 12.5% ಸರ್ವಿಸ್ ಚಾರ್ಜ್ ಬೇರೆ. ನಾನೇ ಎದ್ದು ಹೋಗಿ ಗ್ಲಾಸ್ ತಂದಿದ್ದೇನೆ, ಚಾರ್ಜ್ ಯಾವುದಕ್ಕೆ? ಅದು ಐಚ್ಛಿಕ ಅಂತ ಬರೆದಿದ್ದರೆ ತೆಗೆಯಲಿಕ್ಕೆ ಹೇಳಬಹುದು. ನಾನು ಹೇಳಿದ್ದೇನೆ, ತೆಗೆದಿದ್ದಾರೆ.

ಒಂದು ಮಾತು ಮಾತ್ರ ಒಪ್ಪಬೇಕು. ಊಟ ಸುಧಾರಿಸಿದ್ದು ಈ ಕಡೆಯಿಂದಲೇ. 1991ರಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ 'ದಿ ಈಗಲ್' ಪಬ್ಬಿನಿಂದಲೇ ಗ್ಯಾಸ್ಟ್ರೋಪಬ್ (ಊಟಕ್ಕೆ ಹೆಸರಾದ ಪಬ್ಬು) ಅನ್ನೋ ಮಾತು ಶುರುವಾಯ್ತು. ಮಾರ್ಲೋದ 'ಹ್ಯಾಂಡ್ ಅಂಡ್ ಫ್ಲವರ್ಸ್'ಗೆ ಎರಡು ಮಿಶೆಲಿನ್ ಸ್ಟಾರ್ (ಊಟದ ಗುಣಮಟ್ಟಕ್ಕೆ ಕೊಡೋ ದೊಡ್ಡ ಮನ್ನಣೆ) ಸಿಕ್ಕಿತ್ತು, ಪಬ್ಬೊಂದಕ್ಕೆ ಎರಡು ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಆದರೆ ಅದನ್ನು ನೋಡಿ ಎಲ್ಲರೂ ಮರದ ಹಲಗೆ ಮೇಲೆ ಊಟ ಬಡಿಸಲಿಕ್ಕೆ ಶುರು ಮಾಡಿದರು. ಗ್ರೇವಿ ಹಲಗೆಯಿಂದ ತೊಡೆ ಮೇಲೆ ಇಳಿಯುತ್ತೆ. ಬಾಳೆ ಎಲೆ ತುದಿಯಿಂದ ಸಾರು ಓಡೋದನ್ನು ತಡೆಯೋ ಅಭ್ಯಾಸ ಇದ್ದ ನನಗೇ ಕಷ್ಟ ಆಯ್ತು. ತಟ್ಟೆ ಕೊಡಿ, ಸಾಕು.

ಬ್ರಮ್ಮಿ_ಬೆಳಗಾವಿ · ಸೋಮವಾರ ಮಧ್ಯಾಹ್ನ 1:05

ತಮ್ಮಾ, ನಿನ್ನ ಲೆಕ್ಕ ನಮ್ಮ ಕಡೆ ನಡೆಯೋದಿಲ್ಲ. ಬಿಯರ್ ನೋಡಿಕೊಳ್ಳದ ಪಬ್ಬು ಊಟ ನೋಡಿಕೊಳ್ಳೋದಿಲ್ಲ ಅಂದಿ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆಯ ದೇಸಿ ಪಬ್ಬುಗಳಿಗೆ, ನಮ್ಮವರು ನಡೆಸೋ ಪಬ್ಬುಗಳಿಗೆ ಬಾ. ಬಹಳ ಕಡೆ ಕೈಪಂಪು ಇರೋದಿಲ್ಲ, ಇದ್ದರೂ ಒಂದೋ ಎರಡೋ. ಎಲ್ಲರ ಕೈಯಲ್ಲೂ ಕೆಗ್ ಲಾಗರ್. ಆದರೆ ಊಟ? ಮಿಕ್ಸ್‌ಡ್ ಗ್ರಿಲ್ ಅಂತ ಹೇಳು. ಕಬ್ಬಿಣದ ತಟ್ಟೆ ಚರಚರ ಅನ್ನುತ್ತಾ ಬರುತ್ತೆ. ಕೋಳಿ ಟಿಕ್ಕಾ, ಸೀಖ್ ಕಬಾಬ್, ಮೀನು, ಕೆಳಗೆ ಕಂದು ಬಣ್ಣಕ್ಕೆ ತಿರುಗಿದ ಈರುಳ್ಳಿ, ಮೇಲೆ ನಿಂಬೆ. ಹೊಗೆ ಕಣ್ಣಿಗೆ ಬಂದು ಪಕ್ಕದ ಟೇಬಲ್‌ನವರೂ ತಿರುಗಿ ನೋಡುತ್ತಾರೆ. ನಾಲ್ಕು ಜನ ಒಂದೇ ತಟ್ಟೆಗೆ ಕೈ ಹಾಕಿ, ನಾನ್ ಹರಿದು ತಿನ್ನುತ್ತೇವೆ. ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದ ಪಂಜಾಬಿ ಅಜ್ಜಂದಿರು ಒಂದು ಕಡೆ, ಫುಟ್‌ಬಾಲ್ ಅಂಗಿ ಹಾಕಿದ ಇಂಗ್ಲಿಷ್ ಕುಟುಂಬ ಇನ್ನೊಂದು ಕಡೆ.

ಈಗಿನ ಹುಡುಗರಿಗೆ ಒಂದು ಗೊತ್ತಿರಲಿ. 1960ರ ದಶಕದಲ್ಲಿ ಈ ಊರುಗಳಲ್ಲಿ ಬಣ್ಣ ನೋಡಿ ಒಳಗೆ ಬಿಡುತ್ತಿದ್ದರು. ಕೆಲವು ಪಬ್ಬುಗಳಲ್ಲಿ ನಮ್ಮವರಿಗೆ ಒಂದು ಕೋಣೆ ಮಾತ್ರ, ಕೆಲವು ಕಡೆ ಅದೂ ಇಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನವರು ಇದಕ್ಕೆ ಹೋರಾಡಿದರು. 1965ರ ಫೆಬ್ರವರಿ 12ರಂದು ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮ್ಯಾಲ್ಕಮ್ ಎಕ್ಸ್ ಸ್ಮೆದಿಕ್ಕಿಗೆ ಬಂದು ಮಾರ್ಷಲ್ ಸ್ಟ್ರೀಟಿನಲ್ಲಿ ನಡೆದಾಡಿದ್ದು ಇದೇ ಹೊತ್ತಿನಲ್ಲಿ. ಒಂಬತ್ತು ದಿನಕ್ಕೆ ನ್ಯೂಯಾರ್ಕಿನಲ್ಲಿ ಅವರ ಕೊಲೆ ಆಯ್ತು. ಅದೇ ವರ್ಷದ ರೇಸ್ ರಿಲೇಷನ್ಸ್ ಕಾಯ್ದೆ ಪಬ್ಬಿನಂಥ ಕಡೆ ಬಣ್ಣದ ಭೇದ ಮಾಡೋದನ್ನು ಕಾನೂನುಬಾಹಿರ ಮಾಡಿತು. ಆಮೇಲಿನ ವರ್ಷಗಳಲ್ಲಿ ನಮ್ಮವರು ಪಬ್ಬುಗಳನ್ನೇ ವಹಿಸಿಕೊಂಡರು, ಒಲೆ ಹಚ್ಚಿದರು. ನಾನು 1990ರ ದಶಕದಲ್ಲಿ ಬಂದವನು, ಆ ಹೋರಾಟ ಕಂಡವನಲ್ಲ. ಆದರೆ ಅಲ್ಲಿ ಕೂತು ತಿನ್ನುವಾಗ ಅದು ನೆನಪಾಗದೆ ಇರೋದಿಲ್ಲ. ಸರ್ವಿಸ್ ಅಂದ್ರೆ ಏನು ಅಂತ ನನ್ನ ಕೇಳಿದರೆ, ಬಾಗಿಲಲ್ಲಿ ಯಾರೂ ನಮ್ಮನ್ನು ತಡೆಯದೆ ಇರೋದೇ ಮೊದಲನೆಯದು. ಉಳಿದದ್ದು ಆಮೇಲೆ.

ಹಾವೇರಿ_ಟು_ಶೆಫೀಲ್ಡ್ · ಸೋಮವಾರ ಸಂಜೆ 6:30

ಬೆಳಗಾವಿ ಅಣ್ಣಾವ್ರೇ, ನನ್ನ ಲೆಕ್ಕ ವಾಪಸ್ ತಗೊಂಡೆ. ಬಿಯರ್ ಅಂತ ಬರೆದಿದ್ದು ತಪ್ಪು. ಪಬ್ಬಿನವರು ಯಾವುದೋ ಒಂದನ್ನು ಪ್ರಾಣ ಕೊಟ್ಟು ನೋಡಿಕೊಳ್ಳುತ್ತಿರಬೇಕು. ನಮ್ಮಲ್ಲಿ ಅದು ನೆಲಮಾಳಿಗೆ, ನಿಮ್ಮಲ್ಲಿ ತಂದೂರಿ ಒಲೆ. ಬಾಗಿಲಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಲೀಡ್ಸ್ ತಂಗಿ, ನಿಮಗೆ ಒಂದು ಸಂತೋಷದ ಸುದ್ದಿ. ವೂಸ್ಟರ್ ಸಾಸ್ ಅಂದಿರಲ್ಲ, ಶೆಫೀಲ್ಡಿನಲ್ಲಿ ಅದರ ಬದಲು ಹೆಂಡರ್ಸನ್ಸ್ ರೆಲಿಶ್ ಇರುತ್ತೆ. ಇಲ್ಲೇ ತಯಾರಾಗೋದು, ಕಿತ್ತಳೆ ಬಣ್ಣದ ಲೇಬಲ್. ಮೀನು ಇಲ್ಲ. ವಿನೆಗರ್, ಹುಣಸೆ, ಲವಂಗ, ಬೆಳ್ಳುಳ್ಳಿ ಎಣ್ಣೆ, ಮೆಣಸಿನಕಾಯಿ. ಮೊದಲ ಸಲ ಚೀಸ್-ಈರುಳ್ಳಿ ಪೈ ಮೇಲೆ ಸುರಿದುಕೊಂಡಾಗ ನನಗೆ ಅಮ್ಮನ ಹುಣಸೆ ಗೊಜ್ಜಿನ ವಾಸನೆ ಬಂತು. ಬಾಟಲಿ ತಿರುಗಿಸಿ ಓದಿದೆ, ಹುಣಸೆ ಅಂತ ಇತ್ತು. ಈಗ ಮನೆಯಲ್ಲೂ ಒಂದು ಇದೆ, ಮೊಸರನ್ನದ ಪಕ್ಕ ಬಿಟ್ಟು ಎಲ್ಲದಕ್ಕೂ ಹಾಕಿಕೊಳ್ಳುತ್ತೇನೆ.

ಉಡುಪಿಯವರೇ, ಏಳು ಪೌಂಡಿನ ಸಂಕಟ ಅರ್ಥ ಆಗುತ್ತೆ. ನಮ್ಮ ಕಡೆ ನಾಲ್ಕೂವರೆ ಪೌಂಡಿಗೆ ಒಳ್ಳೆಯದು ಸಿಗುತ್ತೆ. ಬನ್ನಿ, ಹತ್ತಿರದ ಡರ್ಬಿಶೈರಿನ ಥಾರ್ನ್‌ಬ್ರಿಡ್ಜ್‌ನವರು ಮಾಡುವ 'ಜೈಪುರ್' ಅನ್ನೋ ಐಪಿಎ (ಕಹಿ ಜಾಸ್ತಿ ಇರೋ ಏಲ್) ಕುಡಿಸುತ್ತೇನೆ. ಆಲ್ಕೋಹಾಲ್ 5.9% ಇದೆ, ಹುಷಾರು.

ಈಗಷ್ಟೇ_ಬಂದೆ · ಸೋಮವಾರ ರಾತ್ರಿ 8:10

ಹಿಂದಿನ ಚರ್ಚೆಯಲ್ಲಿ ದೂರು ಬರೆದವನು ನಾನೇ. ಲೆಸ್ಟರಿಗೆ ಬಂದು ಐದು ವಾರ. ಎಲ್ಲಾ ಓದಿದೆ. ನನ್ನ ಕಥೆ ಏನಾಗಿತ್ತು ಅಂದ್ರೆ, ಮೊದಲ ಸಲ ಪಬ್ಬಿಗೆ ಹೋಗಿ ಟೇಬಲ್ ಹಿಡಿದು 25 ನಿಮಿಷ ಕೂತಿದ್ದೆ. ಯಾರೂ ಬರಲಿಲ್ಲ. ನನ್ನ ಬಣ್ಣಕ್ಕೇ ಹೀಗೆ ಮಾಡ್ತಿದ್ದಾರೆ ಅಂದುಕೊಂಡು ಎದ್ದು ಬಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕೌಂಟರಿಗೆ ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ.

ಎರಡು ಪ್ರಶ್ನೆ. ಆಫೀಸಿನವರ ಜೊತೆ ಹೋದಾಗ ಒಬ್ಬರೇ ಎಲ್ಲರಿಗೂ ತರುತ್ತಾರೆ. ನಾನು ನನ್ನದಕ್ಕೆ ದುಡ್ಡು ಕೊಡಲು ಹೋದರೆ ಬೇಡ ಅಂತಾರೆ. ಏನು ಮಾಡೋದು? ಇನ್ನೊಂದು, ಊಟ ಎಷ್ಟು ಹೊತ್ತಿನವರೆಗೆ ಸಿಗುತ್ತೆ?

ನಾಟಿಂಗ್‌ಹ್ಯಾಮ್_ನೈಟ್‌ಶಿಫ್ಟ್ · ಸೋಮವಾರ ರಾತ್ರಿ 8:32

ಅದು ರೌಂಡ್ ಪದ್ಧತಿ. ಇವತ್ತು ಅವರು, ಮುಂದಿನ ಸುತ್ತು ನೀವು. ಗ್ಲಾಸ್‌ಗಳು ಖಾಲಿ ಆಗೋ ಹೊತ್ತಿಗೆ ಎದ್ದು "ಯಾರಿಗೆ ಏನು?" ಅಂತ ಕೇಳಿ, ಅಷ್ಟೇ. ಐದು ಜನರ ಸುತ್ತು ದುಬಾರಿ ಅನಿಸಿದರೆ, ಅಥವಾ ಬೇಗ ಹೋಗಬೇಕಿದ್ದರೆ, ಮೊದಲೇ "ನಾನು ರೌಂಡಿನಲ್ಲಿ ಇಲ್ಲ, ಒಂದೇ ಕುಡಿದು ಹೊರಡ್ತೀನಿ" ಅಂತ ಹೇಳಿ. ಯಾರೂ ತಪ್ಪು ತಿಳಿಯೋದಿಲ್ಲ. ತಗೊಂಡು ತಗೊಂಡು ಕೊಡದೆ ಹೋದರೆ ಮಾತ್ರ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಅಡುಗೆಮನೆ ಬಹಳ ಕಡೆ ರಾತ್ರಿ 9ರ ಒಳಗೆ ಮುಚ್ಚುತ್ತೆ. ಬಾಗಿಲಿಗೆ ಬೆಳಕು ಇದೆ ಅಂತ ಊಟ ಇದೆ ಅಂದುಕೊಳ್ಳಬೇಡಿ. ಆಮೇಲೆ ಕ್ರಿಸ್ಪ್ಸ್ (ನಮ್ಮ ಆಲೂ ಚಿಪ್ಸ್), ಉಪ್ಪಿನಲ್ಲಿ ಹುರಿದ ಕಡಲೆಕಾಯಿ, ಜಾಡಿಯಲ್ಲಿ ವಿನೆಗರ್ ಮೊಟ್ಟೆ. ಗಂಟೆ ಬಾರಿಸಿದರೆ ಕೊನೆಯ ಆರ್ಡರ್ ಅಂತ ಅರ್ಥ. ಗಂಟೆ ಮತ್ತೆ ಬಾರಿಸಿದರೆ ಇನ್ನು ಕೊಡೋದಿಲ್ಲ.

ಲೀಡ್ಸ್_ಕಾಫಿಪುಡಿ · ಸೋಮವಾರ ರಾತ್ರಿ 9:05

ಐದು ವಾರದ ತಮ್ಮಾ, ಆ 25 ನಿಮಿಷ ಓದಿ ಹೊಟ್ಟೆ ಚುರುಕ್ ಅಂತು. ಮುಂದಿನ ಸಲ ಒಬ್ಬರೇ ಹೋಗಬೇಡಿ, ಆಫೀಸಿನ ಯಾರನ್ನಾದರೂ ಕರ್ಕೊಂಡು ಹೋಗಿ.

ಹಾವೇರಿ ಅಣ್ಣ, ಆ ರೆಲಿಶ್ ಲೀಡ್ಸಿನ ಅಂಗಡಿಯಲ್ಲೂ ಸಿಗುತ್ತಾ? ಹುಣಸೆ ಅಂದ ಮೇಲೆ ನನಗೆ ತಡೆಯೋಕೆ ಆಗ್ತಿಲ್ಲ.

ಈಗಷ್ಟೇ_ಬಂದೆ · ಶನಿವಾರ ರಾತ್ರಿ 10:20

ಇವತ್ತು ಹೋಗಿದ್ದೆ. ಅಕ್ಕ, ಕ್ಷಮಿಸಿ, ಒಬ್ಬನೇ ಹೋದೆ. ಅದೇ ಪಬ್ಬು, ಅವತ್ತು ಎದ್ದು ಬಂದಿದ್ದೆನಲ್ಲ, ಅಲ್ಲಿಗೇ. ನೇರ ಕೌಂಟರಿಗೆ ಹೋಗಿ ನಿಂತೆ. ಮೂರು ಜನ ಮುಂದಿದ್ದರು. ಬಾರ್ ಹಿಂದಿದ್ದವರು ಗ್ಲಾಸ್ ತುಂಬುತ್ತಾ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಹಾವೇರಿ ಅಣ್ಣ ಬರೆದ ಆ ನೋಟ. ನನ್ನ ಸರದಿ ಬಂದಾಗ ಪಕ್ಕದ ವಯಸ್ಸಾದವರೊಬ್ಬರು ನನಗಿಂತ ಮೊದಲು ಬಂದಿದ್ದರು ಅನಿಸಿತು, ಹೇಳಿದೆ. ಅವರು ನನ್ನ ಭುಜ ತಟ್ಟಿ "ನೀನೇ ಮೊದಲು ತಗೋ" ಅಂದರು.

ಯಾವ ಬಿಯರ್ ಅಂತ ಗೊತ್ತಾಗಲಿಲ್ಲ. ಕೇಳಿದ್ದಕ್ಕೆ ಎರಡು ಪಂಪಿನಿಂದ ಎರಡು ಗುಟುಕಿನಷ್ಟು ಸಣ್ಣ ಗ್ಲಾಸಿನಲ್ಲಿ ರುಚಿ ನೋಡೋಕೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಕಂದು ಬಣ್ಣದ್ದು ಹಿಡಿಸಿತು, ಅರ್ಧ ಪಿಂಟು ತಗೊಂಡೆ. ತಣ್ಣಗೇ ಇತ್ತು. ಪೈ ಕೂಡ ಹೇಳಿದೆ, ಚೀಸ್-ಈರುಳ್ಳಿಯದು. ಚಾಕು ಹಾಕಿ ಮೊದಲು ತಳ ನೋಡಿದೆ.

ತಳ ಇತ್ತು ಅಣ್ಣ.